ಮೇಲೆಳೆದ ಗೆರೆ

ಚೆನ್ನೈನ ಕೋಡಂಬಾಕ್ಕಂ ಫೋಟೋ ಸ್ಟುಡಿಯೋದ ನಮ್ಮ ಮಾಲೀಕ ಮಧ್ವರಾಜನಿಗೆ ನೆರಳನ್ನು ನೋಡುವ ಕಣ್ಣಿರಲಿಲ್ಲ. ಕಂಡ ಮುಖಕ್ಕೆಲ್ಲ ಸುಣ್ಣ ಬಳಿಯುವುದನ್ನೇ ಕಲೆ ಎನ್ನುತ್ತಿದ್ದ.

ವೃಂದಾ ಎಂಬವಳು ತೀರಿಹೋದ ತನ್ನ ತಾಯಿಯ ಫೋಟೋ ತಂದಳು. "ಅಮ್ಮ ಕಪ್ಪೇ ಸರ್, ಹಾಗೇ ಇರಲಿ. ಕಣ್ಣು ಮಾತ್ರ ಕಾಣ್ಲಿ."

ಅವಳು ಹೋದೊಡನೆ ಮಧ್ವರಾಜ ನಕ್ಕ. "ಬೆಳ್ಳಗೆ ಮಾಡು. ಸತ್ತೋಳು ಬಂದು ಕೇಳ್ತಾಳಾ?"

ಕಂಪ್ಯೂಟರಿನಲ್ಲಿ ಬೆಳಕು ಹೆಚ್ಚಿಸುವ ಟೋನ್ ಕರ್ವ್ ಗೆರೆಯನ್ನು ಮೇಲೆಳೆದೆ. ಹಿಂದಿನ ಗೋಡೆ ಬೆಳಗಿತು, ಮುಖ ಇನ್ನಷ್ಟು ಕಪ್ಪಾಯಿತು. ಮಾನಿಟರ್ ಮುಟ್ಟಿದರೆ ಮಂಜುಗಡ್ಡೆ.

"ಇನ್ನೂ ಎಳಿ ಡಾ, ದಂಡಪಿಂಡ!"

ಎಳೆದೆ. ನಾವಿಬ್ಬರು ಗಂಡಸರೇ ಇದ್ದ ಕೋಣೆಯಲ್ಲಿ ಬಳೆ ಸದ್ದಾಯಿತು. ಫೋಟೋದಲ್ಲಿ ಆ ತಾಯಿ ಕೂತಿದ್ದ ಕುರ್ಚಿ ಮಾತ್ರ ಖಾಲಿ ಉಳಿಯಿತು. ಮೂಲ ಫೈಲಿನಲ್ಲೂ ಅದೇ ಕುರ್ಚಿ.

ವೃಂದಾಳಿಗೆ ಫೋನ್ ಮಾಡಿದೆ. ಅವಳಾಗಲೇ ಅಳುತ್ತಿದ್ದಳು. ಅವಳ ಬಳಿ ತಾಯಿಯ ಹನ್ನೊಂದು ಫೋಟೋಗಳಿದ್ದವು. ನಾವು ಮುಟ್ಟಿದ್ದು ಒಂದು. ಹೋದದ್ದು ಹನ್ನೊಂದು.