ಹಸಿರು ದೀಪ ಹತ್ತಿದ ಮೇಲೆ

ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಬಣ್ಣದ ಕಾರ್ಖಾನೆಯಲ್ಲಿ, ಬಟ್ಟೆ ಬೇಯಿಸುವ ಟ್ಯಾಂಕಿನ ಆವಿ ನುಗ್ಗಿ ಅವಳ ಗಂಡ ಸತ್ತಿದ್ದ.

"ಆತುರಪಟ್ಟು ಟ್ಯಾಂಕಿನ ಬಾಗಿಲು ತೆಗೆದ್ರು ಅಂತಾರೆ ಸಾರ್ ಕಾರ್ಖಾನೆಯವರು. ಕಾಫಿನೂ ಆರಿಸ್ಕೊಂಡು ಕುಡಿಯೋರು ಅವರು. ತಪ್ಪನ್ನ ಅವರ ತಲೆಗೆ ಕಟ್ಬೇಡಿ."

ಸತ್ತವರ ತಲೆಗೆ ಕಟ್ಟಿದರೆ ಎದ್ದು ಬಂದು ಕೇಳುವವರಿಲ್ಲ. ಅಂಥವನ್ನು ಸಾಕಷ್ಟು ಕಂಡಿದ್ದ ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ ಕಾರ್ಖಾನೆಗೆ ಹೊರಟರು.

ಆವಿ ನಿಲ್ಲಿಸಿ ನಲವತ್ತು ನಿಮಿಷ ಕಳೆದರಷ್ಟೇ ಟ್ಯಾಂಕಿನ ಬೀಗ ಬಿಟ್ಟು ಹಸಿರು ದೀಪ ಹತ್ತುತ್ತಿತ್ತು. ಪಂಚನಾಮೆಗೆ ಹೆಡ್ ಕಾನ್‌ಸ್ಟೇಬಲ್ ಟ್ಯಾಂಕು ನಡೆಸುವ ಯಂತ್ರದ ಪರದೆ ನೋಡಿಯೇ ಸಮಯ ಬರೆದರು. ಇನ್ಸ್‌ಪೆಕ್ಟರ್ ತಮ್ಮ ವಾಚು ನೋಡಿಕೊಂಡರು.

"ಏನ್ರೀ, ಅರ್ಧ ಗಂಟೆ ಮುಂದೆ ಹೋಗಿದ್ದೀರಿ?"

"ನಾನಲ್ಲ ಸಾರ್, ಯಂತ್ರ ಹೋಗಿರೋದು."

ಯಾರೂ ನಗಲಿಲ್ಲ. ಯಂತ್ರಕ್ಕೆ ಪ್ರೋಗ್ರಾಂ ಬರೆದವಳನ್ನು ಕರೆಸಿದರು.

"ನಲವತ್ತು ನಿಮಿಷ ಆಯ್ತು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?"

"ಈಗಿನ ಸಮಯದಿಂದ ಶುರುವಾದ ಸಮಯ ಕಳೆಯುತ್ತೆ."

"ನಡುವೆ ಗಡಿಯಾರನೇ ಮುಂದಕ್ಕೆ ತಿರುಗಿಸಿದ್ರೆ?"

ಅವಳು ಪರದೆಯ ಗಡಿಯಾರದತ್ತ ತಿರುಗಿದಳು. "ಅಷ್ಟೂ ಹೊತ್ತು ಕಳೀತು ಅಂದ್ಕೊಳ್ಳುತ್ತೆ. ನಾವು ಬಳಸೋ ಲೈಬ್ರರಿಯಲ್ಲಿ, ಸಿದ್ಧ ಕೋಡಿನಲ್ಲಿ, ಸ್ಟಾಪ್‌ವಾಚ್ ಥರದ ಬೇರೆ ಅಳತೆ ಇದೆ ಸಾರ್. ಗಡಿಯಾರ ಎಷ್ಟು ತಿರುಗಿಸಿದ್ರೂ ಅದು ಜಗ್ಗಲ್ಲ. ನಾನೇ ಹಾಕ್ಲಿಲ್ಲ. ಗಡಿಯಾರ ಯಾರು ಮುಟ್ತಾರೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್‌ಗೆ ರೇಗಿತು. ಹೇಳಿಕೆ ಬರೆಸಿಕೊಂಡರು. ಗಡಿಯಾರ ಬದಲಿಸುವ ಪಾಸ್‌ವರ್ಡ್ ಪಾಳಿಯ ಮೇಲ್ವಿಚಾರಕನೊಬ್ಬನಿಗೇ ಗೊತ್ತಿತ್ತು.

"ದಿನಾ ಹತ್ತು ನಿಮಿಷ ತಿರುಗಿಸ್ತಿದ್ದೆ ಸಾರ್, ಬಾಗಿಲು ತೆಗೆದ್ಮೇಲೆ ಸರಿಮಾಡ್ತಿದ್ದೆ. ಏನೂ ಆಗ್ತಿರ್ಲಿಲ್ಲ. ನಿನ್ನೆ ಲೇಟಾಗಿತ್ತು, ಅರ್ಧ ಗಂಟೆ ತಿರುಗಿಸಿದೆ. ಅವನು ಕೂಗ್ಕೊಂಡಾಗ ಓಡಿದೆ. ಆಮೇಲೆ ಗಡಿಯಾರ ಮುಟ್ಟೋಕೆ ಕೈ ಬರ್ಲಿಲ್ಲ."

"ಅವನಿಗೆ ಗೊತ್ತಿತ್ತಾ?"

"ಇಲ್ಲ. ಹಸಿರು ದೀಪ ಹತ್ತೋವರೆಗೂ ಕೈ ಕಟ್ಕೊಂಡು ನಿಂತಿರೋನು."

ಇನ್ಸ್‌ಪೆಕ್ಟರ್ ಅಲ್ಲಿಂದಲೇ ಫೋನ್ ಮಾಡಿದರು. "ನಿಮ್ಮ ಯಜಮಾನ್ರು ಆತುರಪಟ್ಟಿಲ್ಲಮ್ಮ. ದೀಪ ಹತ್ತಿದ ಮೇಲೇ ತೆಗೆದಿದ್ದಾರೆ." ಬೆಳಿಗ್ಗೆ ಒಂದು ಹನಿ ಕಣ್ಣೀರು ಹಾಕದಿದ್ದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು.

ಮೇಲ್ವಿಚಾರಕನನ್ನು ಬಂಧಿಸಿ ಜೀಪು ಹತ್ತಿಸುವಾಗ ಅವನು ಕೇಳಿದ:

"ಸಾರ್, ಈಗ ಎಷ್ಟು ಗಂಟೆ?"

"ನಾಲ್ಕೂ ಹತ್ತು."

"ಮಗಳ ಸ್ಕೂಲು ನಾಲ್ಕಕ್ಕೇ ಬಿಡುತ್ತೆ. ಅವಳಮ್ಮ ಇಲ್ಲ. ಎಲ್ಲರೂ ಹೋದ್ಮೇಲೂ ಒಬ್ಬಳೇ ನಿಂತಿರ್ತಾಳೆ ಅಂತಾನೇ ನಾನು..."

ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲನ್ನು ಶಾಲೆಗೆ ಕಳಿಸಿದರು. ಅವಳು ತಲುಪುವಷ್ಟರಲ್ಲಿ ಗೇಟಿನ ಬಳಿ ಒಂದೇ ಹುಡುಗಿ ಉಳಿದಿದ್ದಳು.