ಗಾಳಿಗೆ ಕಪ್ಪಾದ ಕಾಗದ

"ಯಾರ್ರೀ ನೀವು? ನನ್ನ ಲ್ಯಾಬಿನ ಬೀರುವಿನ ಕೀಲಿ ಯಾಕ ಒಡದ್ರಿ?!"

ನೆಲದ ಮೇಲೆ ಕೂತಿದ್ದ ಮನುಷ್ಯ ತಲೆ ಎತ್ತಿದ. ಅವನ ಸುತ್ತ ಬೀಕರು, ಬ್ಯಾಟರಿ, ಲೆನ್ಸು, ಸೀಸೆ... ಆರು ವರ್ಷಗಳಿಂದ ವಿಜ್ಞಾನದ ಟೀಚರ್ ಶಿವದೇವಿ ಧೂಳು ಒರೆಸಿ ಜೋಪಾನ ಮಾಡಿದ್ದೆಲ್ಲ ಹರಡಿ ಬಿದ್ದಿತ್ತು.

"ಒಡದಿಲ್ರಿ. ಹೆಡ್‌ಮಾಸ್ತರು ಕೀಲಿಕೈ ಕೊಟ್ರು, ತಿರುಗಿಸಿದ ಕೂಡ್ಲೇ ಕಳಚಿ ಬಿತ್ತು," ಎಂದ ಅವನು. "ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ಇದನ್ನ ಮಕ್ಕಳು ಯಾವತ್ತಾರ ಮುಟ್ಯಾರೇನ್ರಿ?"

ಅವಳು ಬಗ್ಗಿ ಒಂದು ಲೆನ್ಸನ್ನು ಎತ್ತಿಕೊಂಡಳು. ಅದರ ಮೇಲೆ ಯಾವ ಮಗುವಿನ ಬೆರಳ ಗುರುತೂ ಇರಲಿಲ್ಲ.

ಅವನ ಹೆಸರು ಪ್ರಹ್ಲಾದ. ಬಾಗಲಕೋಟೆಯವನು, ಹೈದರಾಬಾದಿನ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರ ಇಂಜಿನಿಯರು. ಪಟಾನ್‌ಚೆರು ಆಚೆ, ಕನ್ನಡ, ತೆಲುಗು ಮಕ್ಕಳು ಕೂಡಿ ಓದುವ ಈ ಹೈಸ್ಕೂಲಿನಲ್ಲಿ ಮಕ್ಕಳೇ ಮಾಡಿ ಕಲಿಯುವ ವಿಜ್ಞಾನ ಕಾರ್ಯಕ್ರಮ ಕಟ್ಟಲು ಕಂಪನಿ ಅವನನ್ನು ಕಳಿಸಿತ್ತು. ವಾರಕ್ಕೆ ಎರಡು ಮಧ್ಯಾಹ್ನ, ಮಂಗಳವಾರ ಮತ್ತು ಶುಕ್ರವಾರ. ಅದು ಎರಡು ಸಾವಿರದ ನಾಲ್ಕರ ಜೂನ್ ತಿಂಗಳು. ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮಾತೇ.

ಆದರೆ ಪ್ರಹ್ಲಾದ ಕಂಪ್ಯೂಟರ್ ತರಲಿಲ್ಲ. ಒಂಬತ್ತನೇ ತರಗತಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದ.

"ನಿಮ್ಮ ಓಣಿಯಾಗ ಏನು ಸರಿ ಇಲ್ಲ? ಅದೇ ನಿಮ್ಮ ಪ್ರಾಜೆಕ್ಟ್."

ಆ ಪ್ರಶ್ನೆ ಅವರನ್ನೆಲ್ಲ ಎಲ್ಲಿಗೆ ಎಳೆದೊಯ್ಯಲಿದೆ ಎಂದು ಅಂದು ಯಾರಿಗೆ ಗೊತ್ತಿತ್ತು?

ಹಿಂದಿನ ಬೆಂಚಿನಿಂದ ಗುಣವತಿ ಎದ್ದಳು. ಬೀದರ್ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಗಳು.

"ಸರ್, ಮಧ್ಯಾಹ್ನ ಆದ್ರ ಗಂಟಲು ಉರೀತೈತಿ. ಅವ್ವಂದೂ, ತಮ್ಮಂದೂ. ಯಾಕಂತ ಯಾರೂ ಹೇಳಂಗಿಲ್ಲ."

ಎಲ್ಲರ ಕಣ್ಣು ಹಿಂದಿನ ಕಿಟಕಿಯತ್ತ ಹೊರಳಿತು. ಶಾಲೆಯ ಹಿಂದೆ ಕೊಳಚೆ ನಾಲಾ ಹರಿಯುತ್ತಿತ್ತು. ಅದರ ದಡಕ್ಕೆ ದಿನಾ ಮಧ್ಯಾಹ್ನ ಹೆಸರಿಲ್ಲದ ಟ್ಯಾಂಕರುಗಳು ಬಂದು ಕಾರ್ಖಾನೆಯ ಹೊಲಸು ಸುರಿದು ಹೋಗುವುದನ್ನು ಎಲ್ಲರೂ ನೋಡಿದ್ದರು. ಅದನ್ನು ಬಾಯಿ ಬಿಟ್ಟು ಹೇಳಿದವರು ಮಾತ್ರ ಇರಲಿಲ್ಲ.

ಉಪಾಯ ಹೇಳಿದ್ದು ಶಿವದೇವಿ. ಸೀಸದ ಲವಣದ ನೀರಿನಲ್ಲಿ ಅದ್ದಿದ ಬಿಳಿ ಕಾಗದ ಗಂಧಕದ ವಿಷಗಾಳಿ ತಾಕಿದರೆ ಕಪ್ಪಾಗುತ್ತದೆ. ಪ್ರಹ್ಲಾದ ಅದರೆದುರು ಬೆಳಕು ಅಳೆಯುವ ಚಿಕ್ಕ ಬಿಲ್ಲೆ ಕೂರಿಸಿದ. ಕಾಗದ ಕಪ್ಪಾದರೆ ಗಂಟೆ ಬಡಿಯಬೇಕು! ತಂತಿ ಬೆಸೆದವರು ಮಕ್ಕಳು. ಗಾಳಿ ಯಾವ ಕಡೆಗೆಂದು ತಿಳಿಯಲು ಗುಣವತಿ ಅಂಗಳದ ಕಂಬಕ್ಕೆ ಬಟ್ಟೆಯ ಪಟ್ಟಿ ಕಟ್ಟಿ, ದಿನವೂ ನೋಟ್‌ಬುಕ್ಕಿನಲ್ಲಿ ಬರೆದಳು.

ಆರು ವರ್ಷ ಬೋರ್ಡಿನ ಮೇಲೆ ಬರೆದಿದ್ದ ವಿಜ್ಞಾನ ಈಗ ಶಿವದೇವಿಯ ಕಣ್ಣೆದುರು ಓಡಾಡುತ್ತಿತ್ತು. ಸಂಜೆ ಮೆಹದಿಪಟ್ಟಣಂ ಬಸ್ಸಿಗೆ ಇಬ್ಬರೂ ಜೊತೆಯಲ್ಲಿ ಕಾಯುತ್ತಿದ್ದರು.

"ಆಫೀಸಿನಾಗ ನಾನು ಕಾಣದ ದೇಶದ ಬ್ಯಾಂಕಿಗೆ ಪ್ರೋಗ್ರಾಂ ಬರೀತೀನ್ರಿ," ಎಂದ ಒಮ್ಮೆ. "ಇಲ್ಲಿ ಬಂದಾಗ ಮಾತ್ರ ಏನೋ ಮಾಡಾಕತ್ತೀನಿ ಅನ್ನಿಸ್ತೈತಿ."

'ಇಲ್ಲಿ ಅಂದ್ರೆ ಶಾಲೆಯೋ... ನನ್ನ ಪಕ್ಕವೋ?' ಅವಳು ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು. ಶುಕ್ರವಾರದಿಂದ ಮಂಗಳವಾರಕ್ಕೆ ನಾಲ್ಕು ದಿನ ಇಷ್ಟು ಉದ್ದ ಎಂದು ಅವಳಿಗೆ ಮೊದಲು ಗೊತ್ತೇ ಇರಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಗಂಟೆ ಬಡಿಯಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಶಿವದೇವಿ ತಟ್ಟಲಿಲ್ಲ. ಕಾಗದದ ಅಂಚು ಕಂದು ಬಣ್ಣಕ್ಕೆ ತಿರುಗಿ, ಅದು ಒಳಕ್ಕೆ ತೆವಳುತ್ತಿತ್ತು. ಹೊರಗೆ ಬೇವಿನ ಮರದಲ್ಲಿ ಒಂದು ಕಾಗೆಯೂ ಇರಲಿಲ್ಲ.

ಮರುದಿನವೂ ಬಡಿಯಿತು. ಆಮೇಲೆ ನಾಲಾದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ.

ಆ ವಾರವೇ ಗೇಟಿನೆದುರು ಮೋಟರ್‌ಸೈಕಲ್ಲೊಂದು ನಿಲ್ಲತೊಡಗಿತು. ಅದರ ಮೇಲೆ ಕೂತವನು ಕಂಬದ ಬಟ್ಟೆಯನ್ನೇ ನೋಡುತ್ತಿದ್ದ. ಒಂದು ಬೆಳಗ್ಗೆ ಬಂದು ನೋಡಿದರೆ ಬಟ್ಟೆಯನ್ನು ಯಾರೋ ಕತ್ತರಿಸಿ ಒಯ್ದಿದ್ದರು.

"ಆ ಗಂಟಿ ಬಂದ್ ಮಾಡ್ರಿ," ಎಂದರು ಹೆಡ್‌ಮಾಸ್ತರ ಸುಬ್ಬಣ್ಣ, ಅವಳ ಮುಖ ನೋಡದೆ. "ಶಾಲೆ ನಿಂತ ಜಾಗ ಕಾರ್ಖಾನಿಯವರದು. ಅವರು ಏಳಂದ್ರ ನಾವು ಏಳಬೇಕು."

'ಪ್ರಹ್ಲಾದ ಬರಲಿ, ಅವರು ಸುಮ್ಮನಿರೋದಿಲ್ಲ...' ಎಂದುಕೊಂಡು ಅವಳು ಮಂಗಳವಾರ ಲ್ಯಾಬಿಗೆ ಓಡಿದಳು.

ಗೋಡೆ ಬರಿದಾಗಿತ್ತು! ಪ್ರಹ್ಲಾದ ಗಂಟೆ, ಕಾಗದಗಳು, ಗುಣವತಿಯ ನೋಟ್‌ಬುಕ್ಕು ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದ.

"ಏನ್ರಿ ಇದು?"

"ಒಯ್ಯಾಕತ್ತೀನ್ರಿ."

"ಯಾಕ? ನಮ್ಮ ಯಂತ್ರ ಸುಳ್ಳು ಹೇಳ್ತೈತೇನು?"

"ಇರಬಹುದು... ಗೊತ್ತಿಲ್ಲ." ಅವನು ಕಣ್ಣೆತ್ತಲಿಲ್ಲ. "ನೀವು ಸ್ವಲ್ಪ ದಿವಸ ಸುಮ್ಮನಿರ್ರಿ. ದಯವಿಟ್ಟು."

"ಮಕ್ಕಳಿಗೆ ಪ್ರಶ್ನೆ ಕೇಳೋದು ಕಲಿಸಿದವರು ನೀವು. ಉತ್ತರ ಬಂದ ಕೂಡಲೇ ಹೆದರಿ ಓಡಾಕತ್ತೀರಲ್ಲ!" ಅವಳು ಬಾಗಿಲತ್ತ ಕೈ ಮಾಡಿದಳು. "ಮತ್ತ ಈ ಕಡೆ ಬರಬ್ಯಾಡ್ರಿ!"

ಅವನು ಚೀಲ ಹೆಗಲಿಗೇರಿಸಿ ಹೊರಟೇಹೋದ.

ಅವಳು ಬಾಗಿಲು ಹಾಕಿಕೊಂಡು ಅತ್ತಳು.

ಮುಂದಿನ ಎರಡು ವಾರ ಅವನ ಮೊಬೈಲು ಬಂದ್. ಗಂಟೆಯಿಲ್ಲದ ಮಧ್ಯಾಹ್ನಗಳು ಉಸಿರು ಬಿಗಿಹಿಡಿದು ಕೂತಂತಿದ್ದವು. ಗುಣವತಿ ಮಾತ್ರ ತನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಕಂಬಕ್ಕೆ ಕಟ್ಟಿದ್ದಳು. ಶಿವದೇವಿ ಬೇಡವೆನ್ನಲಿಲ್ಲ.

ಮೂರನೇ ಮಂಗಳವಾರ, ಪಾಠದ ನಡುವೆ ಗುಣವತಿ ಕಿಟಕಿಯಿಂದ ತಿರುಗಿದಳು.

"ಟೀಚರ್... ಈಗಷ್ಟೇ ಕೊಳೆತ ತತ್ತಿ ವಾಸನಿ ಬರಾಕತ್ತಿತ್ತು. ಒಮ್ಮೆಲೇ ಹೋತು. ಆದ್ರ ರಿಬ್ಬನ್ ಇನ್ನೂ ನಮ್ಮ ಕಡೆನೇ ಐತಿ!"

ಶಿವದೇವಿ ಸೀಮೆಸುಣ್ಣ ಕೆಳಗಿಟ್ಟಳು. ಈ ವಿಷ ಮೊದಲು ಕೊಲ್ಲುವುದು ಮೂಗನ್ನು! ವಾಸನೆ ಹೋಯಿತೆಂದರೆ ಗಾಳಿ ಶುದ್ಧವಾಯಿತೆಂದಲ್ಲ. ಅದು ಹೆಚ್ಚಾಯಿತು ಎಂದರ್ಥ.

ಅವಳು ಓಡಿ ಶಾಲೆಯ ಗಂಟೆಯನ್ನು ಒಂದೇ ಸಮನೆ ಬಾರಿಸಿದಳು.

"ಯಾರನ್ನ ಕೇಳಿ ಗಂಟಿ ಹೊಡದ್ರಿ?!" ಸುಬ್ಬಣ್ಣ ಹೊರಬಂದರು.

"ನನ್ನ ಆಮ್ಯಾಲೆ ಕೆಲಸದಿಂದ ತೆಗೀರಿ ಸರ್. ಮೊದಲು ಮಕ್ಕಳನ್ನ ಹೊರಗ ತೆಗೀರಿ!" ಎಂದವಳೇ, ಹೊರಗೆ ನಡೆಯಿರಿ ಎಂದು ತೆಲುಗಿನಲ್ಲೂ ಕೂಗಿದಳು. "ಪದಂಡಿ! ಬಯಟಿಕಿ ಪದಂಡಿ!"

ಸುಬ್ಬಣ್ಣ ಒಂದು ಕ್ಷಣ ನಿಂತರು. ಮೆಟ್ಟಿಲ ಮೇಲೆ ಆರನೇ ತರಗತಿಯ ಹುಡುಗಿಯೊಬ್ಬಳು ಕೆಮ್ಮುತ್ತ ಕುಸಿದಳು. ಅವರೇ ಅವಳನ್ನು ಎತ್ತಿಕೊಂಡು ಓಡಿದರು.

ಗಾಳಿಗೆ ಅಡ್ಡಲಾಗಿ, ಎತ್ತರದ ಹೆದ್ದಾರಿಯವರೆಗೆ ಎಲ್ಲರನ್ನೂ ನಡೆಸಿದ್ದಾಯಿತು. ಶಿವದೇವಿ ಎರಡು ಸಲ ಎಣಿಸಿದಳು. ಎಲ್ಲ ಮಕ್ಕಳೂ ಇದ್ದರು.

ಆಗ ಕೆಳಗೆ, ಖಾಲಿ ಶಾಲೆಯ ಪಕ್ಕದ ಗೇಟಿನಿಂದ ಯಾರೋ ಒಳಗೆ ಓಡಿದರು. ಹೆಗಲಿಗೆ ಅದೇ ಚೀಲ.

ಪ್ರಹ್ಲಾದ!

"ಬರಬ್ಯಾಡ್ರಿ! ಒಳಗ ಹೋಗಬ್ಯಾಡ್ರಿ!"

ಲಾರಿಗಳ ಸದ್ದಿನಲ್ಲಿ ಅವಳ ಕೂಗು ಮುಳುಗಿತು. ಅವನು ಲ್ಯಾಬಿನ ಬಾಗಿಲಲ್ಲಿ ಮರೆಯಾದ. ಒಂದು ನಿಮಿಷ... ಎರಡು ನಿಮಿಷ... ಹೊರಬರಲಿಲ್ಲ.

ಅವಳು ಇಳಿಜಾರಿನತ್ತ ಧಾವಿಸಿದಳು. ಸುಬ್ಬಣ್ಣ ಕೈ ಹಿಡಿದುಕೊಂಡರು. "ಬ್ಯಾಡ ತಾಯಿ, ನೀನೂ ಬೀಳ್ತಿ!"

"ಬಿಡ್ರಿ ಸರ್! ಅವರು ನನ್ನ ಹುಡುಕ್ಕೊಂತ ಹೋಗ್ಯಾರ!"

"ಟೀಚರ್!" ಕಂಬದಿಂದ ಕಣ್ಣು ತೆಗೆಯದ ಗುಣವತಿ ಚೀರಿದಳು. "ರಿಬ್ಬನ್ ಹೊಳ್ಳಾಕತ್ತೈತಿ! ಗಾಳಿ ನಾಲಾದ ಕಡೆ ತಿರುಗಿತು!"

ಶಿವದೇವಿ ಓಡಿದಳು. ಹಿಂದೆಯೇ ಸುಬ್ಬಣ್ಣ. ಲ್ಯಾಬಿನ ಹೊಸಿಲ ಮೇಲೆ ಅವನು ಬೋರಲು ಬಿದ್ದಿದ್ದ, ಚೀಲ ಎದೆಯಡಿ ಅವುಚಿಕೊಂಡು. ಇಬ್ಬರೂ ತೋಳು ಹಿಡಿದು ಬಯಲಿಗೆ ಎಳೆದರು. ಅವನ ತುಟಿ ನೀಲಿಗಟ್ಟಿತ್ತು.

"ಉಸಿರಾಡ್ರಿ... ನಿಮಗ ಕೈ ಮುಗೀತೀನಿ, ಉಸಿರಾಡ್ರಿ!"

ಬಹಳ ಹೊತ್ತಿನ ಮೇಲೆ ಅವನು ಕೆಮ್ಮಿದ.

ಮೂರನೇ ದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಅವನ ಮುಖದ ಆಕ್ಸಿಜನ್ ಮಾಸ್ಕ್ ತೆಗೆದರು. ಶಿವದೇವಿ ಸ್ಟೂಲಿನ ಮೇಲೆ ಕೂತಿದ್ದಳು. ಚೀಲದಲ್ಲಿದ್ದ ವರದಿಯನ್ನು ಅವಳು ಆಗಲೇ ಓದಿದ್ದಳು. ಮಕ್ಕಳ ಕಾಗದಗಳನ್ನು ತಾರ್ನಾಕದ ವಿಶ್ವವಿದ್ಯಾಲಯದ ಪ್ರಯೋಗಾಲಯ ಪರೀಕ್ಷಿಸಿತ್ತು. ಒಂದು ಕಾಗದವೂ ಸುಳ್ಳು ಹೇಳಿರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಆ ಮೋಟರ್‌ಸೈಕಲ್ಲಿನವ..." ಅವನ ದನಿ ಒಡೆದಿತ್ತು. "ನನ್ನ ಆಫೀಸಿಗೆ ಬಂದಿದ್ದ. ನಿಮ್ಮ ಹೆಸರು, ನೀವು ಹತ್ತೋ ಬಸ್ಸು, ಇಳಿಯೋ ಸ್ಟಾಪು, ಎಲ್ಲಾ ಹೇಳಿದ. ನಗಾಡ್ಕೊಂತ ಹೇಳಿದ. ನಾನು ದೂರ ಇದ್ರ ನಿಮ್ಮನ್ನ ಬಿಡ್ತಾರ ಅನ್ಕೊಂಡೆ."

ಶಿವದೇವಿ ವರದಿಯನ್ನು ಮಡಚಿ ಮಂಚದ ಮೇಲಿಟ್ಟಳು. 'ನನ್ನ ಬೆನ್ನ ಹಿಂದೆ ಅಷ್ಟು ದಿನ...'

"ಅದು ನನ್ನ ಜೀವ, ಪ್ರಹ್ಲಾದ್. ನನಗೇ ತಿಳಿಸದ ಕಾಯಾಕ ನೀವ್ಯಾರು?" ಕಣ್ಣೀರು ಉಕ್ಕಿತು. "ನೀವು ಹೆದರಿದ್ರಿ ಅಂತ ಎಷ್ಟು ಬೈಕೊಂಡೆ ಗೊತ್ತೇನು?"

"ಹೆದರಿದ್ದು ಖರೇನೇ. ಅವತ್ತು ವರದಿ ಹಿಡ್ಕೊಂಡು ಓಡಿ ಬಂದೆ. ನಿಮ್ಮ ಲ್ಯಾಬು ಖಾಲಿ ಇತ್ತು. ಆ ಗಾಳಿಗಿಂತ ಮೊದಲು ಅದು ನನ್ನ ಉಸಿರು ನಿಲ್ಲಿಸ್ತು."

ಮಾಲಿನ್ಯ ನಿಯಂತ್ರಣದ ಅಧಿಕಾರಿಗಳು ಬಂದು ನೀರು, ಗಾಳಿ, ಮಣ್ಣನ್ನು ಪರೀಕ್ಷೆಗೆ ಒಯ್ದಿದ್ದರು. ಟ್ಯಾಂಕರುಗಳು ಸದ್ಯಕ್ಕೆ ನಿಂತಿದ್ದವು. ಶುಕ್ರವಾರದ ತರಗತಿ ನಡೆಯಲೇಬೇಕು ಎಂದು ಸುಬ್ಬಣ್ಣ ತಾವೇ ನೋಟೀಸು ಹಾಕಿದ್ದರು. ಆದರೂ ಕಿಟಕಿಯಾಚೆ, ರಸ್ತೆಯ ಆ ಬದಿಗೆ, ಅದೇ ಮೋಟರ್‌ಸೈಕಲ್ ನಿಂತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಇಬ್ಬರೂ ಅದನ್ನು ನೋಡಿದರು. ಅವಳು ಎದ್ದು ಕಿಟಕಿಗೆ ಹೋದಳು, ಪರದೆ ಮಾತ್ರ ಎಳೆಯಲಿಲ್ಲ. ಗಾಡಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಆಮೇಲೆ ಬಂದು ಅವನ ಕೈ ಹಿಡಿದಳು.

"ಇನ್ನ ಮ್ಯಾಲೆ ಏನೂ ಮುಚ್ಚಿಡಬಾರದು. ಎಷ್ಟೇ ಕೆಟ್ಟದಿರಲಿ."

"ಮುಚ್ಚಿಡಂಗಿಲ್ಲ."

"ಮತ್ತ ಏನಾರ ಉಳಿದೈತೇನು?"

"ಒಂದೈತ್ರಿ..." ಅವನು ಉಸಿರು ಎಳೆದುಕೊಂಡ. "ನನ್ನ ಮದುವಿ ಆಗ್ತೀರೇನು ಶಿವದೇವಿ?"

ಅವಳು ತಲೆ ತಗ್ಗಿಸಿದಳು. ತುಟಿ ಅಲುಗಿತು.

"ಏನಂದ್ರಿ? ಕೇಳಿಸಲಿಲ್ಲ."

"ಹೂಂ ಅಂದೆ."

"ಇನ್ನೊಮ್ಮೆ ಅನ್ರಿ."

"ಮೊದಲು ನೀರು ಕುಡೀರಿ," ಎಂದಳು ಅವಳು, ಅಳುತ್ತ, ನಗುತ್ತ. "ಆಮ್ಯಾಲೆ ನೀವು ಸಾಕು ಅನ್ನೋತನಕ ಅಂತೀನಿ."