ಬೆಳ್ಳಿಯ ಬಾಯಲ್ಲಿ ನೊರೆ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಚೂಟಿಗೆ ಹಸುವಿನ ಮೂತಿ ಕಾಣುತ್ತಿತ್ತು, ಬಾಲ ಕಾಣುತ್ತಿರಲಿಲ್ಲ.

“ಅಲ್ಲಾಡಬೇಡ ಬೆಳ್ಳಿ, ಒಂದೇ ನಿಮಿಷ. ಪ್ಲೀಸ್,” ಎಂದು ಅವಳು ಪಿಸುಗುಟ್ಟಿದಳು.

ಅವಳ ಎಡಗೈಯಲ್ಲಿ ಒಂದು ಸ್ಟೀಲ್ ಲೋಟ. ಅದರೊಳಗೆ ಮೊಟ್ಟೆಯ ಬಿಳಿಯನ್ನು ಕಡೆದು ಕಡೆದು ಎಬ್ಬಿಸಿದ ನೊರೆ, ಹತ್ತಿಯ ಹಾಗೆ ಉಬ್ಬಿ ನಿಂತಿತ್ತು. ಚೂಟಿ ಎರಡು ಬೆರಳಲ್ಲಿ ಅದನ್ನು ಎತ್ತಿ ಬೆಳ್ಳಿಯ ಬಾಯ ಸುತ್ತ ಮೆತ್ತಿದಳು. ಬೆಳ್ಳಿ ಉದ್ದನೆಯ ನಾಲಗೆ ಚಾಚಿ ಒಂದೇ ಏಟಿಗೆ ಎಲ್ಲವನ್ನೂ ನೆಕ್ಕಿಬಿಟ್ಟಿತು.

“ಅಯ್ಯೋ, ತಿನ್ನೋಕಲ್ಲ ಕಣೇ ಅದು! ಕಾಯಿಲೆ ಬಂದಿರೋ ಹಾಗೆ ಕಾಣೋಕೆ!”

ಮತ್ತೆ ಮೆತ್ತಿದಳು. ಮತ್ತೆ ನೆಕ್ಕಿತು. ಬೆಳ್ಳಿಗೆ ರುಚಿ ಹತ್ತಿಹೋಗಿತ್ತು. ಕೊನೆಗೆ ಚೂಟಿ ತಲೆ ಓಡಿಸಿ, ನಾಲಗೆಗೆ ಸಿಗದ ಹಾಗೆ ಗದ್ದದ ಕೆಳಗಿನ ಕೂದಲಿಗೆ ಮೆತ್ತಿದಳು. ನೊರೆ ಅಲ್ಲಿ ಗಟ್ಟಿಯಾಗಿ ಅಂಟಿಕೊಂಡು ಜೋತುಬಿತ್ತು. ನೋಡಿದವರ ಎದೆ ಧಸಕ್ಕೆನ್ನಬೇಕು, ಹಾಗಿತ್ತು.

ಲೋಟವನ್ನು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ಚೂಟಿ ಕೈಮುಗಿದಳು. “ದೇವರೇ, ಇವತ್ತೊಂದು ದಿನ ನೀನೂ ಸ್ವಲ್ಪ ಕಣ್ಣು ಮುಚ್ಚಿಕೊಂಡಿರು.” ಹಾಗೆಂದು ಮಂಜಿನೊಳಗೆ ಕರಗಿಹೋದಳು.

ಇಷ್ಟೆಲ್ಲ ಆಗಿದ್ದು ಗೆಜ್ಜೆಯಿಂದ. ಗೆಜ್ಜೆ ಎಂದರೆ ಚೂಟಿಯ ಮೇಕೆ. ಕುಣಿಯುವುದರಲ್ಲಿ ಅದನ್ನು ಮೀರಿಸುವ ಪ್ರಾಣಿ ಆ ಓಣಿಯಲ್ಲಿ ಇರಲಿಲ್ಲ. ಅಂಥದ್ದು ಕೆಲವು ದಿನಗಳಿಂದ ಮುಂಗಾಲು ಊರದೆ ಮೂಲೆಯಲ್ಲಿ ಮಲಗಿತ್ತು. ಸೊಪ್ಪು ತಂದು ಮೂಗಿಗೆ ಹಿಡಿದರೂ ಮುಖ ತಿರುಗಿಸುತ್ತಿತ್ತು. ರಾತ್ರಿಯೆಲ್ಲ ಸಣ್ಣಗೆ ನರಳುತ್ತಿತ್ತು.

ಅಮ್ಮ ಬಿಸಿನೀರಿನ ಶಾಖ ಕೊಟ್ಟು ನೋಡಿದ್ದಳು. ಆಮೇಲೆ ಹೊಲಿಗೆ ಮೆಷಿನ್ನಿನ ಪಕ್ಕದ ಡಬ್ಬಿ ತೆಗೆದು ನೋಡಿದ್ದಳು. ಅದರಲ್ಲಿ ಒಂದು ದೊಡ್ಡ ನೋಟು, ಒಂದಿಷ್ಟು ಚಿಲ್ಲರೆ ಇದ್ದವು.

“ಔಷಧಿಗೇನೋ ಚಿಲ್ಲರೆ ಸಾಕು,” ಎಂದಿದ್ದಳು ಅಮ್ಮ. “ಆದರೆ ಡಾಕ್ಟರು ಇಲ್ಲೀತನಕ ಬರೋದಕ್ಕೇ ಎರಡು ದೊಡ್ಡ ನೋಟು ಬೇಕಲ್ಲ. ಬಟ್ಟೆ ಕೊಟ್ಟೋರು ಮುಂದಿನ ವಾರ ದುಡ್ಡು ಕೊಡ್ತಾರೆ. ಆಗ ಕರೆಸೋಣ ಮಗಾ.”

ಮುಂದಿನ ವಾರ! ಗೆಜ್ಜೆಯ ಕಣ್ಣು ನೋಡಿದರೆ ಅದು ಅಲ್ಲಿಯವರೆಗೆ ಕಾಯುವ ಹಾಗೆ ಕಾಣುತ್ತಿರಲಿಲ್ಲ.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ದನದ ಡಾಕ್ಟರಿಗೆ ಯಾರು ಫೋನ್ ಮಾಡುತ್ತಾರೋ ಬರುವ ಖರ್ಚು ಅವರದ್ದು. ಡಾಕ್ಟರು ಬಂದ ಮೇಲೆ ಉಳಿದವರೆಲ್ಲ “ಹೇಗೂ ಬಂದಿದ್ದೀರಲ್ಲ” ಎಂದು ತಮ್ಮ ಪ್ರಾಣಿಗಳನ್ನು ಹಿಡಿದುಕೊಂಡು ಬಂದರೆ, ಅವರಿಗೆ ಔಷಧಿಯ ದುಡ್ಡು ಮಾತ್ರ. ಹಾಗಾಗಿ ಯಾರೂ ಮೊದಲು ಫೋನ್ ಮಾಡುತ್ತಿರಲಿಲ್ಲ. ಎಲ್ಲರೂ ಎಲ್ಲರಿಗಾಗಿ ಕಾಯುತ್ತಿದ್ದರು. ಪ್ರಾಣಿಗೆ ಹುಷಾರಿಲ್ಲ ಎಂಬುದನ್ನೇ ಗುಟ್ಟಾಗಿ ಇಡುತ್ತಿದ್ದರು. ಇಟ್ಟಿಗೆ ಗಾಡಿಯ ಮಾವನ ಕತ್ತೆ ಕುಂಟಿದರೆ, “ಕುಂಟೋದೆಲ್ಲಿ ಬಂತು? ಅದರ ನಡಿಗೆಯೇ ಸ್ಟೈಲು,” ಎನ್ನುತ್ತಿದ್ದ ಮಾವ.

ಪಕ್ಕದ ಮನೆಯ ಕಂಚಿನ ದೊಡ್ಡಮ್ಮ ಎಲ್ಲರಿಗಿಂತ ಒಂದು ಕೈ ಮೇಲು. ಅವಳದು ಕಂಚಿನ ಕಂಠ, ಅದಕ್ಕೇ ಆ ಹೆಸರು. ಅವಳ ಹಸು ಬೆಳ್ಳಿ ವಾರದಿಂದ ಕೆಮ್ಮುತ್ತಿತ್ತು. ಅದು ಕೆಮ್ಮಿದಾಗಲೆಲ್ಲ ಯಾರಿಗೂ ಗೊತ್ತಾಗಬಾರದೆಂದು ದೊಡ್ಡಮ್ಮ ತಾನೇ ಅದಕ್ಕಿಂತ ಜೋರಾಗಿ ಕೆಮ್ಮುತ್ತಿದ್ದಳು! ಗೋಡೆಯ ಈಚೆಯಿಂದ ಇದನ್ನು ಕೇಳಿಸಿಕೊಂಡೇ ಚೂಟಿಗೆ ಉಪಾಯ ಹೊಳೆದದ್ದು. ಕೆಮ್ಮನ್ನು ಮುಚ್ಚಿಡಬಹುದು. ನೊರೆಯನ್ನು ಹೇಗೆ ಮುಚ್ಚಿಡುತ್ತಾಳೆ?

ಚೂಟಿ ಮನೆಗೆ ಬಂದು ಹೊದಿಕೆಯೊಳಗೆ ನುಸುಳಿದಳು, ಅಷ್ಟೇ. ಗೋಡೆಯಾಚೆಯಿಂದ ಕಂಚು ಬಡಿದಂತಾಯಿತು.

“ಅಯ್ಯಯ್ಯೋ! ನನ್ನ ಬೆಳ್ಳಿ ಬಾಯಲ್ಲಿ ನೊರೆ! ಹಲೋ! ಹಲೋ ಡಾಕ್ಟರಮ್ಮಾ!”

ದೊಡ್ಡಮ್ಮನಿಗೆ ನಿಜವಾಗಿ ಫೋನೇ ಬೇಕಿರಲಿಲ್ಲ. ಆ ದನಿ ಹಾಗೇ ಆಸ್ಪತ್ರೆಯವರೆಗೆ ಹೋಗುತ್ತಿತ್ತು. ಓಣಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಹೊದಿಕೆಯೊಳಗೆ ಚೂಟಿ ಬಾಯಿಗೆ ದಿಂಬು ಒತ್ತಿಕೊಂಡು ನಕ್ಕಳು.

ಡಾಕ್ಟರಮ್ಮ ಬರುವಷ್ಟರಲ್ಲಿ ಬಹಳ ಹೊತ್ತಾಯಿತು. ಮೊದಲು ಸ್ಕೂಟರಿನ ಸದ್ದು ಬಂತು, ಆಮೇಲೆ ಮಂಕಾದ ಲೈಟು, ಆಮೇಲೆ ಅವರು. ಹಿಂದಿನ ಸೀಟಿಗೆ ಔಷಧಿಯ ಪೆಟ್ಟಿಗೆ ಕಟ್ಟಿತ್ತು. ಒಂದು ಮೊಣಕಾಲಿಗೆ ಕೆಸರು ಮೆತ್ತಿತ್ತು. ಕೈಗವಸು ಬಿಚ್ಚಿದರೆ ಬೆರಳುಗಳು ಚಳಿಗೆ ಕೆಂಪಾಗಿದ್ದವು.

ಅವರು ಬೆಳ್ಳಿಯ ಗದ್ದ ಎತ್ತಿ ನೋಡಿದರು. ಒಣಗುತ್ತಿದ್ದ ನೊರೆಯನ್ನು ಬೆರಳಿಂದ ತೆಗೆದು ಮೂಸಿದರು. ಮತ್ತೊಮ್ಮೆ ಮೂಸಿದರು.

“ದೊಡ್ಡಮ್ಮ, ಹಸುಗೆ ಬೆಳಿಗ್ಗೆ ಆಮ್ಲೆಟ್ ಏನಾದರೂ ಹಾಕಿದ್ರಾ?”

“ಏನ್ ತಮಾಷೆ ಮಾಡ್ತೀರಮ್ಮ! ಹಸು ಎಲ್ಲಾದರೂ ಆಮ್ಲೆಟ್ ತಿನ್ನುತ್ತಾ?”

ಡಾಕ್ಟರಮ್ಮ ಬೆರಳು ಒರೆಸಿಕೊಂಡರು. ಬಾಗಿಲ ಬಳಿ ಗೆಜ್ಜೆಯನ್ನು ಎತ್ತಿಕೊಂಡು ನಿಂತಿದ್ದ ಚೂಟಿಯ ಕಡೆ ತಿರುಗಿದರು. ಅವಳ ಸ್ವೆಟರಿನ ತೋಳಿನ ಮೇಲೆ ಏನೋ ಬೆಳ್ಳಗೆ ಒಣಗಿ ಮಿರಿಮಿರಿ ಎನ್ನುತ್ತಿತ್ತು. ಚೂಟಿ ತೋಳನ್ನು ಮೇಕೆಯ ಹೊಟ್ಟೆಯ ಕೆಳಗೆ ಸರಿಸಿದಳು.

ಅಷ್ಟರಲ್ಲಿ ಬೆಳ್ಳಿ ಕೆಮ್ಮಿತು. ದೊಡ್ಡಮ್ಮ ಅಭ್ಯಾಸಬಲದಿಂದ ತಾನೂ ಜೋರಾಗಿ ಕೆಮ್ಮಿದಳು.

“ಇಬ್ಬರಲ್ಲಿ ಯಾರಿಗೆ ಔಷಧಿ ಕೊಡಲಿ?” ಎಂದರು ಡಾಕ್ಟರಮ್ಮ. ಸ್ಟೆತಾಸ್ಕೋಪನ್ನು ಬೆಳ್ಳಿಯ ಪಕ್ಕೆಗೆ ಇಟ್ಟು ಬಹಳ ಹೊತ್ತು ಕೇಳಿದರು. “ನೊರೆ ಏನೂ ಅಲ್ಲ, ಅದಕ್ಕೆ ಹೆದರಬೇಡಿ. ಆದರೆ ಕೆಮ್ಮು ಎದೆಗೆ ಇಳೀತಾ ಇದೆ. ಇಷ್ಟು ದಿನ ಯಾಕೆ ಹೇಳಲಿಲ್ಲ?”

ಆ ಓಣಿಯ ಚರಿತ್ರೆಯಲ್ಲೇ ಮೊದಲ ಸಲ ಕಂಚಿನ ದೊಡ್ಡಮ್ಮ ಮಾತಾಡದೆ ನಿಂತಳು.

ಆಮೇಲೆ ಶುರುವಾಯಿತು ಮೆರವಣಿಗೆ. “ಹೇಗೂ ಬಂದಿದ್ದೀರಲ್ಲ,” ಎಂದು ಮಾವ ತನ್ನ ಸ್ಟೈಲಿನ ಕತ್ತೆಯನ್ನು ಎಳೆದು ತಂದ. “ಹೇಗೂ ಬಂದಿದ್ದೀರಲ್ಲ,” ಎಂದು ಬಾತುಕೋಳಿ ಸಾಕುವ ಅಕ್ಕ ಎರಡು ಕಂಕುಳಲ್ಲೂ ಒಂದೊಂದು ಬಾತು ಇರಿಸಿಕೊಂಡು ಬಂದಳು. ಚೂಟಿಯೂ ಗಂಟಲು ಸರಿಮಾಡಿಕೊಂಡು ಹೇಳಿದಳು, “ಹೇಗೂ ಬಂದಿದ್ದೀರಲ್ಲ ಡಾಕ್ಟರಮ್ಮ...”

“ಹೂಂ, ಬಂದೆ,” ಎಂದರು ಅವರು. “ಬರೋ ಹಾಗೆ ಆಯ್ತು.”

ಗೆಜ್ಜೆಯ ಗೊರಸಿನ ಸಂದಿಯಲ್ಲಿ ಒಂದು ಮುಳ್ಳು ಮುರಿದು ಒಳಗೇ ಕೂತು ಕೀವು ತುಂಬಿತ್ತು. ಡಾಕ್ಟರಮ್ಮ ಇಕ್ಕಳದಿಂದ ಅದನ್ನು ಎಳೆದಾಗ ಗೆಜ್ಜೆ ಒಮ್ಮೆ ಕಿರುಚಿತು. ಚೂಟಿ ಎರಡು ಸಲ ಕಿರುಚಿದಳು.

“ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಾಲೇ ಹೋಗ್ತಿತ್ತು,” ಎಂದರು ಪಟ್ಟಿ ಸುತ್ತುತ್ತಾ.

ಚೂಟಿ ಮೆಲ್ಲಗೆ ಕೇಳಿದಳು, “ಮತ್ತೆ ನೀವು ನೋಡೋಕೆ ಯಾಕೆ ಅಷ್ಟೊಂದು ದುಡ್ಡು ತಗೋತೀರಾ?”

“ನೋಡೋಕೆ ನಾನು ತಗೊಳ್ಳೋದು ಕಡಿಮೇನೇ. ಬರೋಕೆ ಜಾಸ್ತಿ.” ಡಾಕ್ಟರಮ್ಮ ತಮ್ಮ ಮೊಣಕಾಲಿನ ಕೆಸರು ತೋರಿಸಿದರು. “ನನ್ನ ಸ್ಕೂಟರು ನೀರು ಕುಡಿದು ಓಡಲ್ಲ ಮರಿ. ಇವತ್ತು ಮಂಜಲ್ಲಿ ದಾರಿ ಕಾಣದೆ ಅದೂ ನಾನೂ ಒಟ್ಟಿಗೇ ಮೋರಿಗೆ ಇಳಿದ್ವಿ. ಕನ್ನಡಿ ಒಂದು ಹೋಯ್ತು. ಹಸು ಸಾಯ್ತಾ ಇದೆ ಅಂತ ಫೋನ್ ಬಂದರೆ ನಿಧಾನವಾಗಿ ಬರೋಕಾಗುತ್ತಾ, ಹೇಳು?”

ಚೂಟಿಯ ಸ್ವೆಟರಿನೊಳಗೆ ಈಗ ಲೋಟ ಇರಲಿಲ್ಲ. ಆದರೂ ಅಲ್ಲೇನೋ ತಣ್ಣಗೆ ಒತ್ತುತ್ತಿತ್ತು.

ಎಲ್ಲರೂ ಔಷಧಿಯ ಚಿಲ್ಲರೆ ಕೊಟ್ಟು ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದದ್ದು ಬರುವ ಖರ್ಚು. ದೊಡ್ಡಮ್ಮ ಒಳಗೆ ಹೋಗಿ ಕನ್ನಡಕದ ಡಬ್ಬಿ ತಂದಳು. ಅದರೊಳಗೆ ಕನ್ನಡಕ ಇರಲಿಲ್ಲ, ಮಡಚಿದ ಎರಡು ದೊಡ್ಡ ನೋಟುಗಳಿದ್ದವು. ಕನ್ನಡಕ ಅವಳ ಮೂಗಿನ ಮೇಲಿತ್ತು. ಅದರ ಒಂದು ಗಾಜು ಸೀಳಿತ್ತು. ಒಂದು ಕಡ್ಡಿಯ ಜಾಗದಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿದ್ದಳು.

“ತಗೊಳ್ಳಿಯಮ್ಮ,” ಎಂದು ನೋಟು ಕೊಟ್ಟಳು. ಆಮೇಲೆ ಯಾರಿಗೂ ಅಲ್ಲ ಎಂಬಂತೆ, “ಹೊಸ ಗಾಜು ಎಲ್ಲಿಗೆ ಓಡಿಹೋಗುತ್ತೆ? ಇನ್ನೊಂದಿಷ್ಟು ದಿನ ದಾರವೇ ಗತಿ,” ಎಂದಳು. ಕಂಚಿನ ದನಿ ಅಲ್ಲ ಅದು. ಪಕ್ಕದಲ್ಲಿದ್ದ ಚೂಟಿಗೆ ಮಾತ್ರ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಗೆಜ್ಜೆ ಒಂದು ಹಿಡಿ ಸೊಪ್ಪು ತಿಂದಿತು. ಅಮ್ಮನ ಮುಖ ಅರಳಿತು. “ನಮ್ಮ ಪುಣ್ಯ, ನೋಟು ಹಾಗೇ ಉಳೀತು. ನಿನಗೆ ಹೊಸ ಶೂ ತರೋಣ. ಇದು ಕಪ್ಪೆ ಥರ ಬಾಯಿ ಬಿಟ್ಟಿದೆಯಲ್ಲ.”

ಚೂಟಿ ತನ್ನ ಶೂ ನೋಡಿದಳು. ಶೂ ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿತು. ದೇವರಿಗೆ ಕಣ್ಣು ಮುಚ್ಚಿಕೊ ಎಂದು ಹೇಳಿದ್ದು ಅವಳಿಗೆ ನೆನಪಾಯಿತು. ಮುಚ್ಚಿಕೊಂಡಿದ್ದ ಹಾಗೆ ಕಾಣಲಿಲ್ಲ.

“ಅಮ್ಮ, ಬೈಬೇಡ. ಒಂದು ವಿಷಯ ಹೇಳ್ತೀನಿ,” ಎಂದಳು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮೊಟ್ಟೆಯ ಮಾತು ಬಂದಾಗ ಅವಳ ತುಟಿ ಒಂದು ಚೂರು ನಡುಗಿತು. ಅದು ಕೋಪವೋ ನಗುವೋ ಚೂಟಿಗೆ ತಿಳಿಯಲಿಲ್ಲ. ಬೈಗುಳ ಬರಲಿಲ್ಲ. ಅಮ್ಮ ಡಬ್ಬಿಯ ನೋಟು ತೆಗೆದು ಅವಳ ಅಂಗೈಯಲ್ಲಿಟ್ಟಳು. “ನೀನೇ ಹೋಗಿ ಕೊಡು. ಶೂಗೆ ನಾನು ಹೊಲಿಗೆ ಹಾಕ್ತೀನಿ.”

ಚೂಟಿ ನೆಟ್ಟಗೆ ದೊಡ್ಡಮ್ಮನ ಮನೆಗೆ ಹೋಗಲಿಲ್ಲ. ಮೊದಲು ಬಾತುಕೋಳಿ ಅಕ್ಕನ ಹತ್ತಿರ ಹೋದಳು. ಅಲ್ಲಿ ಹೊತ್ತು ಇಳಿಯುವವರೆಗೆ ಬಾತುಗಳ ಗೂಡು ತೊಳೆದಳು.

ಮಂಜೆಲ್ಲ ಕರಗಿ ಇಳಿಬಿಸಿಲು ಬಿದ್ದಿತ್ತು. ದೊಡ್ಡಮ್ಮ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು, ಸೀಳಿದ ಗಾಜನ್ನು ಕಣ್ಣಿಗೆ ಒತ್ತಿ ಹಿಡಿದು, ಔಷಧಿ ಬಾಟಲಿಯ ಅಕ್ಷರ ಓದಲು ಒದ್ದಾಡುತ್ತಿದ್ದಳು.

ಚೂಟಿ ಬಾಟಲಿ ತೆಗೆದುಕೊಂಡು ಓದಿ ಹೇಳಿದಳು. ಆಮೇಲೆ ನೋಟನ್ನು ಮುಂದೆ ಹಿಡಿದಳು. “ಬರೋ ಖರ್ಚು ದೊಡ್ಡಮ್ಮ. ಬೆಳ್ಳಿಗೆ ನೊರೆ ಮೆತ್ತಿ ಡಾಕ್ಟರಮ್ಮನ್ನ ಬರೋ ಹಾಗೆ ಮಾಡಿದ್ದು ನಾನು. ಇನ್ನೊಂದು ನೋಟು... ದೊಡ್ಡೋಳಾದ ಮೇಲೆ ಕೊಡ್ತೀನಿ.”

ಕಂಚಿನ ದೊಡ್ಡಮ್ಮ ಬಾಯಿ ತೆರೆದಳು. ಚೂಟಿ ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದಳು.

ಕೊಟ್ಟಿಗೆಯೊಳಗೆ ಬೆಳ್ಳಿ ಕೆಮ್ಮಿತು. ದೊಡ್ಡಮ್ಮ ತೆರೆದ ಬಾಯಿ ಮುಚ್ಚಿದಳು. ಈ ಸಲ ಅವಳು ಕೆಮ್ಮಲಿಲ್ಲ.

“ಇನ್ನೊಂದು ಬೇಡ. ಅದು ಬೆಳ್ಳೀದು,” ಎಂದು ನೋಟನ್ನು ಕನ್ನಡಕದ ಡಬ್ಬಿಗೆ ಹಾಕಿ ಟಪ್ ಎಂದು ಮುಚ್ಚಿದಳು. ಎದ್ದು ಹೊರಟವಳು ತಿರುಗಿ ನಿಂತು ಕಣ್ಣು ಕಿರಿದು ಮಾಡಿದಳು.

“ಲೇ ಚೂಟಿ. ಬೆಳಿಗ್ಗೆ ನನ್ನ ಕೋಳಿ ಓಣಿಯೆಲ್ಲ ಕೇಳೋ ಹಾಗೆ ಕೊಕ್ಕೊಕ್ಕೋ ಅಂತು. ಹೋಗಿ ನೋಡಿದರೆ ಬುಟ್ಟಿ ಖಾಲಿ. ಮೊಟ್ಟೆಗೇನು ರೆಕ್ಕೆ ಬಂತಾ?”

ಅವಳು ಅಂಗೈ ಚಾಚಿದಳು.

ಚೂಟಿ ಜೇಬಿಗೆ ಕೈಹಾಕಿದಳು. ಮೆಲ್ಲಗೆ, ಬಹಳ ಜೋಪಾನವಾಗಿ, ಬಾತುಕೋಳಿಯ ಮೊಟ್ಟೆಯೊಂದನ್ನು ತೆಗೆದು ಆ ಅಂಗೈ ಮೇಲಿಟ್ಟಳು. ಕೋಳಿಮೊಟ್ಟೆಗಿಂತ ಅದು ಒಂದು ಸುತ್ತು ದೊಡ್ಡದಿತ್ತು.